ಮುಸುಕಿನ ಜೋಳ, ಸುಣ್ಣ, ಓವನ್: ಪದರ ನಿಲ್ಲಿಸಲು ಹಿಡಿದ ನಾಲ್ಕು ಭಾನುವಾರ

ಹೋದ ವರ್ಷ ಮೈಸೂರಿನ ಗೋಕುಲಂನಲ್ಲಿ ನಮ್ಮ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ ಮೆಕ್ಸಿಕೋದ ಹೆಂಗಸೊಬ್ಬರು ಬಾಡಿಗೆಗಿದ್ದರು. ಯೋಗ ಕಲಿಯಲು ಬಂದಿದ್ದವರು. ಊರಿಗೆ ಹೊರಡುವ ಹಿಂದಿನ ದಿನ ನಮ್ಮನ್ನೆಲ್ಲ ಊಟಕ್ಕೆ ಕರೆದರು. ಗಾಜಿನ ಪಾತ್ರೆಯೊಂದನ್ನು ಓವನ್‌ನಿಂದ ತೆಗೆದು ಮೇಜಿನ ಮೇಲಿಟ್ಟರು. ಮೇಲೆ ಚೀಸ್ ಅಲ್ಲಲ್ಲಿ ಕಂದು ಕಟ್ಟಿತ್ತು. ಚಾಕು ಹಾಕಿ ಚೌಕವಾಗಿ ಕೊಯ್ದರು. ತಟ್ಟೆಗೆ ಬಂದ ತುಂಡು ಕುಸಿಯಲಿಲ್ಲ, ನೆಟ್ಟಗೆ ನಿಂತಿತು. ಪಕ್ಕದಿಂದ ನೋಡಿದರೆ ರೊಟ್ಟಿ, ಕೆಂಪು ಗೊಜ್ಜು, ಕಾಳು, ಚೀಸ್, ಮತ್ತೆ ರೊಟ್ಟಿ, ಹೀಗೆ ಪದರಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಹೆಸರು ಪಾಸ್ಟೆಲ್ ಅಸ್ತೆಕಾ ಅಂದರು. ಅಸ್ತೆಕರ, ಅಂದರೆ ಮೆಕ್ಸಿಕೋದ ಹಿಂದಿನ ಕಾಲದ ಜನರ, ಕೇಕ್ ಅಂತ ಅರ್ಥ.

ಅಳತೆ ಕೇಳಿಕೊಳ್ಳುವಷ್ಟು ಹೊತ್ತಿರಲಿಲ್ಲ. ಮನೆಗೆ ಬರುವಾಗ ಸ್ಕೂಟರ್ ಹಿಂದೆ ಕೂತಿದ್ದ ಮಗಳು ಕೇಳಿದಳು, "ಅಪ್ಪ, ಅದನ್ನ ನಾವೇ ಮಾಡಬಹುದು ಅಲ್ವಾ?" ಮಾಡಬಹುದು ಅಂದೆ. ಕುವೆಂಪುನಗರದ ನಮ್ಮ ಅಡುಗೆಮನೆಯಲ್ಲಿ ಅದು ಸರಿಯಾಗಿ ನಿಲ್ಲಲು ನಾಲ್ಕು ಭಾನುವಾರ ಹಿಡಿಯಿತು. ಪ್ರತಿ ಸಲ ಏನು ಮಾಡಿದೆ, ಏನು ಕೆಟ್ಟಿತು ಅಂತ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಮಾಡಿದ್ದು ಮೆಕ್ಸಿಕೋದ ಅಡುಗೆಯೇ ಅಂತ ಹೇಳುವುದಿಲ್ಲ. ಅಲ್ಲಿ ಕೋಳಿಮಾಂಸ ಹಾಕುತ್ತಾರೆ, ಪೊಬ್ಲಾನೋ ಅನ್ನುವ ದೊಡ್ಡ ಹಸಿಮೆಣಸಿನಕಾಯಿ ಸುಟ್ಟು ಸೀಳಿ ಹಾಕುತ್ತಾರೆ, ಕೆನೆ ಸುರಿಯುತ್ತಾರೆ. ನಾನು ಅದರ ಕಟ್ಟಡ ತೆಗೆದುಕೊಂಡೆ. ಒಳಗಿನ ಸಾಮಾನು ಹೆಚ್ಚಿನದು ಇಲ್ಲಿಯದು.

ಮೊದಲ ಭಾನುವಾರ

ಅಂಗಡಿಯಲ್ಲಿ ಸಿಗುವ ಮುಸುಕಿನ ಜೋಳದ ಹಿಟ್ಟು ತಂದೆ. (ಮುಂದೆ ಜೋಳ ಅಂದರೆ ಮುಸುಕಿನ ಜೋಳವೇ.) ಬಿಸಿನೀರು ಹಾಕಿ ಕಲಸಿ, ಅಕ್ಕಿ ರೊಟ್ಟಿ ತಟ್ಟುವ ಹಾಗೆ ತಟ್ಟಿದೆ. ಅಂಚೆಲ್ಲ ಬಿರುಕು ಬಿಟ್ಟಿತು. ಕಾವಲಿ ಮೇಲೆ ಹಾಕಿ ಮಗುಚುವಾಗ ಎರಡು ಮುರಿದವು. ಪರವಾಗಿಲ್ಲ, ಪದರದೊಳಗೆ ಹೇಗೂ ಕಾಣುವುದಿಲ್ಲ ಅಂದುಕೊಂಡೆ. ಟೊಮೆಟೊ, ಮೆಣಸಿನಕಾಯಿ ರುಬ್ಬಿ ಒಂದು ಕುದಿ ಬರಿಸಿ ಗೊಜ್ಜು ಮಾಡಿದೆ. ರಾಜ್ಮಾ ಬೇಯಿಸಿದೆ. ಜೋಡಿಸಿ, ಚೀಸ್ ತುರಿದು ಹಾಕಿ, ಓಟಿಜಿಯಲ್ಲಿ (ಮನೆಯ ಚಿಕ್ಕ ಕರೆಂಟ್ ಓವನ್) 180 ಡಿಗ್ರಿಗೆ ಇಟ್ಟು 25 ನಿಮಿಷ ಬಿಟ್ಟೆ.

ಚೀಸ್ ಕರಗಿತ್ತು, ಆದರೆ ಬಣ್ಣ ಬಂದಿರಲಿಲ್ಲ. ಸೌಟು ಹಾಕಿದೆ. ತಳದಲ್ಲಿ ಕೆಂಪು ನೀರು, ನಡುವೆ ಗಂಜಿ. ರೊಟ್ಟಿ ಯಾವುದು, ಕಾಳು ಯಾವುದು ಗೊತ್ತಾಗಲಿಲ್ಲ. ಅಮ್ಮ ಒಂದು ತುತ್ತು ತಿಂದು, "ರುಚಿ ಚೆನ್ನಾಗಿದೆ ಕಣೋ, ಆದರೆ ಇದು ಮುದ್ದೆ" ಅಂದರು. ಮಂಡ್ಯದವರು ಮುದ್ದೆ ಅಂದರೆ ಅದು ಮುದ್ದೆಯೇ. ಆ ಮಾತು ನನಗೆ ಮುಖ್ಯವಾಯಿತು. ರುಚಿಯಲ್ಲಿ ತಪ್ಪಿಲ್ಲ, ಕಟ್ಟಡದಲ್ಲಿ ತಪ್ಪಿದೆ.

ಮೂರು ಕಡೆ ಅನುಮಾನ ಬಂತು. ಓವನ್ ಬಿಸಿ ಸಾಲದೇ ಇರಬಹುದು. ಗೊಜ್ಜು ನೀರಾಗಿರಬಹುದು. ರೊಟ್ಟಿಯೇ ಸರಿ ಇಲ್ಲದಿರಬಹುದು. ಒಂದೊಂದಾಗಿ ನೋಡೋಣ ಅಂತ ಓವನ್‌ನಿಂದ ಶುರು ಮಾಡಿದೆ.

ಸಕ್ಕರೆ ಹಾಕಿ ಓವನ್ ಪರೀಕ್ಷೆ

ನಮ್ಮದು 28 ಲೀಟರಿನ ಓಟಿಜಿ, ಏಳೆಂಟು ವರ್ಷ ಹಳೆಯದು. ಒಳಗಿನ ಬಿಸಿ ಅಳೆಯುವ ಥರ್ಮಾಮೀಟರ್ ನನ್ನ ಹತ್ತಿರ ಇರಲಿಲ್ಲ. ಅದಿಲ್ಲದೆಯೂ ನೋಡುವ ಒಂದು ದಾರಿ ಇದೆ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಗುಂಡಿಯನ್ನು 175ಕ್ಕೆ ಇಟ್ಟರೆ ಕಾಲು ಗಂಟೆಯಾದರೂ ಸಕ್ಕರೆ ಹರಳಾಗಿಯೇ ಇರಬೇಕು. 190ಕ್ಕೆ ಇಟ್ಟರೆ ಕರಗಲು ಶುರುವಾಗಬೇಕು. ಹಾಗಾದರೆ ಗುಂಡಿ ನಿಜ ಹೇಳುತ್ತಿದೆ ಅಂತ.

ಮನೆಯಲ್ಲಿ ಮಂಡ್ಯದ ಸಕ್ಕರೆ ಇತ್ತು. ನಮ್ಮ ತಾತ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತಿದ್ದವರು. ಅಮ್ಮನಿಗೆ ಇವತ್ತಿಗೂ ಸಕ್ಕರೆ ಸುಮ್ನೆ ಹಾಳು ಮಾಡುವುದು ಇಷ್ಟವಿಲ್ಲ. ಹಾಗಾಗಿ ಒಂದೇ ಚಮಚ ತೆಗೆದುಕೊಂಡೆ. ಫಾಯಿಲ್ ಹಾಳೆಯನ್ನು ದೊನ್ನೆಯ ಹಾಗೆ ಮಡಿಸಿ, ಅದರಲ್ಲಿ ಸಕ್ಕರೆ ಹರಡಿ, ನಡುವಿನ ಜಾಲರಿ ಮೇಲಿಟ್ಟೆ. 190ಕ್ಕೆ 15 ನಿಮಿಷ, ಏನೂ ಆಗಲಿಲ್ಲ. 200ಕ್ಕೆ ಇನ್ನೊಂದು 15 ನಿಮಿಷ, ಅಂಚು ಸ್ವಲ್ಪ ಹೊಳೆಯಿತು ಅಷ್ಟೇ. 220ಕ್ಕೆ ತಿರುಗಿಸಿದ ಮೇಲೆ ಸಕ್ಕರೆ ನೀರಾಗಿ ಜೇನಿನ ಬಣ್ಣಕ್ಕೆ ಬಂತು. ಅಂದರೆ ನಮ್ಮ ಓವನ್ ಹೇಳುವುದಕ್ಕಿಂತ 30 ಡಿಗ್ರಿಯಷ್ಟು ತಣ್ಣಗಿದೆ. 180 ಅಂತ ನಂಬಿ ನಾನು ಬೇಯಿಸಿದ್ದು 150ರಲ್ಲಿ.

ಮಗಳ ನೇಲ್ ಪಾಲಿಶ್ ತೆಗೆದುಕೊಂಡು ಗುಂಡಿಯ ಪಕ್ಕ 210ರ ಹತ್ತಿರ ಒಂದು ಕೆಂಪು ಚುಕ್ಕಿ ಇಟ್ಟೆ. ನಮ್ಮ ಮನೆಯ 180 ಅದೇ.

ಪ್ಲಗ್ ಕೀಳುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪ್ಲಗ್ ಕೈಗೆ ಬಿಸಿ ತಗುಲಿತು. ಓಟಿಜಿ ಹಿಂದಿನ ಚೀಟಿಯಲ್ಲಿ 1500 ವ್ಯಾಟ್ ಅಂತಿದೆ. 230 ವೋಲ್ಟಿಗೆ ಅದು ಆರೂವರೆ ಆಂಪಿಯರ್ ಎಳೆಯುತ್ತದೆ. ನಾನು ಇಷ್ಟು ದಿನ ಅದನ್ನು 6 ಆಂಪಿಯರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದ್ದೆ. ಇದು ಅಪಾಯ. ಅದನ್ನು ಕಿತ್ತು ಗ್ರೈಂಡರ್ ಪಕ್ಕದ 16 ಆಂಪಿಯರ್ ಪಾಯಿಂಟಿಗೆ ನೇರವಾಗಿ ಹಾಕಿದೆ. ಈಗ ಪ್ಲಗ್ ಬಿಸಿಯಾಗುವುದಿಲ್ಲ. ಓವನ್ ಇಟ್ಟುಕೊಂಡಿರುವವರು ಒಂದು ಸಲ ಪ್ಲಗ್ ಮುಟ್ಟಿ ನೋಡಿ, ದಯವಿಟ್ಟು.

ಎರಡನೇ ಭಾನುವಾರ

ಈ ಸಲ ಗೊಜ್ಜನ್ನು ಗಟ್ಟಿ ಮಾಡಿದೆ. ರೊಟ್ಟಿಯ ಅನುಮಾನ ಉಳಿದಿತ್ತಲ್ಲ, ಅದಕ್ಕೆ ಪಾತ್ರೆಯನ್ನು ಎರಡು ಭಾಗ ಮಾಡಿದೆ. ಎಡಕ್ಕೆ ಹಿಂದಿನ ವಾರದ ಜೋಳದ ಹಿಟ್ಟಿನ ರೊಟ್ಟಿ. ಬಲಕ್ಕೆ ಗೋಧಿ ಚಪಾತಿ. ಮೆಕ್ಸಿಕೋದ ಉತ್ತರ ಭಾಗದಲ್ಲಿ ಗೋಧಿಯಲ್ಲೂ ತೋರ್ತಿಯಾ, ಅಂದರೆ ಅವರ ರೊಟ್ಟಿ, ಮಾಡುತ್ತಾರೆ, ಹಾಗಾಗಿ ಇದೂ ಆಗಬಹುದು ಅನ್ನಿಸಿತ್ತು.

ಮೇಲ್ಭಾಗ ಚೆನ್ನಾಗಿ ಬಂತು. ಬಣ್ಣ ಬಂತು, ಅಂಚಿನಲ್ಲಿ ಚೀಸ್ ಗರಿಗರಿಯಾಯಿತು. ಓವನ್ ಸಮಸ್ಯೆ ಅಲ್ಲಿಗೆ ಮುಗಿಯಿತು. ತಳದಲ್ಲಿ ನೀರೂ ಇರಲಿಲ್ಲ. ಆದರೆ ಎಡಭಾಗ ಮತ್ತೆ ಕುಸಿಯಿತು. ಬಲಭಾಗ ಕುಸಿಯಲಿಲ್ಲ, ಆದರೆ ಚಪಾತಿ ಸಾರಿನಲ್ಲಿ ರಾತ್ರಿಯಿಡೀ ನೆನೆದ ಹಾಗೆ ಲೋಳೆಯಾಗಿತ್ತು. ಬಾಯಲ್ಲಿ ಜಾರುತ್ತಿತ್ತು. ಮಗಳು ತಟ್ಟೆ ಪಕ್ಕಕ್ಕಿಟ್ಟಳು.

ಈಗ ಸ್ಪಷ್ಟವಾಯಿತು. ತಪ್ಪಿರುವುದು ಜೋಳದ ಹಿಟ್ಟಿನಲ್ಲಿ.

ಸುಣ್ಣದ ಕೆಲಸ

ಆ ಹೆಂಗಸು ಊಟದ ದಿನ ಒಂದು ಮಾತು ಹೇಳಿದ್ದರು. ಇಲ್ಲಿ ಸಿಗುವ ಜೋಳದ ಹಿಟ್ಟು ಆಗುವುದಿಲ್ಲ, ಅದಕ್ಕೆ ಊರಿನಿಂದಲೇ ಹಿಟ್ಟು ತಂದಿದ್ದೇನೆ ಅಂತ. ಆಗ ನನಗೆ ಅದು ತಲೆಗೆ ಹೋಗಲಿಲ್ಲ. ಜೋಳದ ಹಿಟ್ಟು ಜೋಳದ ಹಿಟ್ಟೇ ಅಲ್ವಾ ಅಂದುಕೊಂಡಿದ್ದೆ. ಅಲ್ಲ.

ಮೆಕ್ಸಿಕೋದಲ್ಲಿ ಜೋಳವನ್ನು ನೇರವಾಗಿ ಬೀಸುವುದಿಲ್ಲ. ಮೊದಲು ಸುಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ರಾತ್ರಿಯಿಡೀ ಅದರಲ್ಲೇ ನೆನೆಯಲು ಬಿಡುತ್ತಾರೆ. ಬೆಳಿಗ್ಗೆ ತೊಳೆದು, ಸಿಪ್ಪೆ ಉಜ್ಜಿ ತೆಗೆದು, ಹಸಿಯಾಗಿರುವಾಗಲೇ ಅರೆಯುತ್ತಾರೆ. ಬೆಂದ ಕಾಳಿಗೆ ನಿಶ್ತಮಾಲ್ ಅಂತ ಹೆಸರು. ಅಸ್ತೆಕರ ನಾವಾಟ್ಲ್ ಭಾಷೆಯಲ್ಲಿ ನೆಶ್ತ್ಲಿ ಅಂದರೆ ಬೂದಿ. ಸುಣ್ಣದ ಬದಲು ಬೂದಿ ನೀರಿನಲ್ಲೂ ಇದನ್ನು ಮಾಡುತ್ತಾರೆ, ಆ ಹೆಸರು ಇದಕ್ಕೆ ಅಂಟಿಕೊಂಡಿದೆ. ಅರೆದ ಹಿಟ್ಟಿಗೆ ಮಾಸಾ ಅನ್ನುತ್ತಾರೆ.

ಸುಣ್ಣ ಏನು ಮಾಡುತ್ತದೆ ಅಂದರೆ, ಕಾಳಿನ ಸಿಪ್ಪೆಯನ್ನು ಹಿಡಿದಿಟ್ಟಿರುವ ಗಟ್ಟಿ ನಾರನ್ನು ಸಡಿಲ ಮಾಡುತ್ತದೆ. ಅದರಲ್ಲಿ ಒಂದಷ್ಟು ಕರಗಿ ಅಂಟಿನ ಹಾಗಾಗುತ್ತದೆ. ಕಾಳಿನೊಳಗಿನ ಪಿಷ್ಟ ಅರ್ಧಂಬರ್ಧ ಬೇಯುತ್ತದೆ. ಗೋಧಿಯಲ್ಲಿ ಹಿಟ್ಟನ್ನು ಹಿಡಿದಿಡಲು ಗ್ಲುಟೆನ್ ಇದೆ. ಜೋಳದಲ್ಲಿ ಅದಿಲ್ಲ. ಆ ಕೆಲಸವನ್ನು ಇಲ್ಲಿ ಸುಣ್ಣ ಮಾಡಿಸುತ್ತದೆ. ಒಣ ಜೋಳ ಬೀಸಿದ ಹಿಟ್ಟಿನ ರೊಟ್ಟಿ ಗೊಜ್ಜಿನಲ್ಲಿ ಕರಗಿ ಗಂಜಿಯಾಗುವುದು, ಮಾಸಾ ರೊಟ್ಟಿ ತಡೆದುಕೊಳ್ಳುವುದು ಇದೇ ಕಾರಣಕ್ಕೆ.

ಇನ್ನೂ ದೊಡ್ಡ ವಿಷಯ ಒಂದಿದೆ. ಜೋಳದಲ್ಲಿ ನಿಯಾಸಿನ್ ಅನ್ನುವ ಜೀವಸತ್ವ ಇದ್ದರೂ ನಮ್ಮ ಹೊಟ್ಟೆಗೆ ಸಿಗದ ಹಾಗೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಸುಣ್ಣ ಅದನ್ನು ಬಿಡಿಸುತ್ತದೆ. ಮೆಕ್ಸಿಕೋದಿಂದ ಜೋಳ ಯೂರೋಪಿಗೆ ಹೋಯಿತು, ಸುಣ್ಣದ ವಿದ್ಯೆ ಅದರ ಜೊತೆ ಹೋಗಲಿಲ್ಲ. ಜೋಳವನ್ನೇ ನಂಬಿ ಬದುಕಿದ ಸ್ಪೇನ್, ಇಟಲಿಯ ಬಡವರಿಗೆ ಪೆಲಾಗ್ರಾ ಕಾಯಿಲೆ ಬಂತು. ಚರ್ಮ ಸುಲಿಯುತ್ತಿತ್ತು, ಭೇದಿಯಾಗುತ್ತಿತ್ತು, ಬುದ್ಧಿ ಮಂಕಾಗುತ್ತಿತ್ತು. ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೂ ಜನ ಹೀಗೇ ನರಳಿದರು. ಒಂದು ಚಿಟಿಕೆ ಸುಣ್ಣದ ಕಥೆ ಇಷ್ಟು ದೂರ ಹೋಗುತ್ತದೆ ಅಂತ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ.

ಸುಣ್ಣ ಹುಡುಕಲು ನಾನು ಎಲ್ಲೂ ಹೋಗಬೇಕಾಗಲಿಲ್ಲ. ಅಮ್ಮನ ಎಲೆ ಅಡಿಕೆ ತಟ್ಟೆಯಲ್ಲೇ ಇತ್ತು.

ಜೋಳಕ್ಕೆ ಸಂತೇಪೇಟೆಗೆ ಹೋದೆ. ಇಡೀ ಕಾಳು ಒಂದು ಕಿಲೋ ಕೇಳಿದೆ. ಅಂಗಡಿಯವರು, "ಕೋಳಿಗಾ ಸಾರ್, ಪಾರಿವಾಳಕ್ಕಾ?" ಅಂದರು. ತಿನ್ನಲು ಅಂದೆ. ಹಾಗಾದರೆ ಇದು ಬೇಡ ಅಂತ ಒಳಗಿನಿಂದ ಬೇರೆ ಮೂಟೆಯಿಂದ ಶುದ್ಧವಾದದ್ದು ತೂಗಿ ಕೊಟ್ಟರು. ಇಲ್ಲಿ ಒಂದು ಎಚ್ಚರಿಕೆ. ಬಿತ್ತನೆ ಬೀಜ ಎಂದೂ ತರಬೇಡಿ. ಅದಕ್ಕೆ ಔಷಧಿ ಸವರಿರುತ್ತಾರೆ, ಗುಲಾಬಿ ಬಣ್ಣ ಇರುತ್ತದೆ. ಎಷ್ಟು ತೊಳೆದರೂ ತಿನ್ನುವ ಹಾಗಿಲ್ಲ. ಪಾಪ್‌ಕಾರ್ನ್ ಕಾಳೂ ಇದಕ್ಕೆ ಸರಿಹೋಗುವುದಿಲ್ಲ. ಸ್ವೀಟ್ ಕಾರ್ನ್ ಅಂತೂ ಬೇಡವೇ ಬೇಡ.

ಮೂರನೇ ಭಾನುವಾರ: ಬರೀ ರೊಟ್ಟಿ

ಶನಿವಾರ ಸಂಜೆ ಶುರು ಮಾಡಿದೆ. ಅರ್ಧ ಕಿಲೋ ಜೋಳ, ಒಂದೂವರೆ ಲೀಟರ್ ನೀರು. ಒಣ ಸುಣ್ಣದ ಪುಡಿಯಾದರೆ ಕಾಳಿನ ತೂಕದ ನೂರಕ್ಕೆ ಒಂದು ಭಾಗ ಸಾಕು, ಅಂದರೆ 5 ಗ್ರಾಂ. ಎಲೆಗೆ ಹಚ್ಚುವ ಸುಣ್ಣದಲ್ಲಿ ನೀರಿರುತ್ತದೆ, ಅದಕ್ಕೆ ನಾನು 10 ಗ್ರಾಂ ತೆಗೆದುಕೊಂಡೆ. ಬಣ್ಣ ಹಾಕದ ಬಿಳಿ ಸುಣ್ಣ ಇರಲಿ. ಗೋಡೆಗೆ ಬಳಿಯುವ ಸುಣ್ಣ ಬೇಡ. ಪಾತ್ರೆ ಸ್ಟೀಲಿನದ್ದೇ ಆಗಬೇಕು, ಸುಣ್ಣದ ನೀರು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸುಣ್ಣವನ್ನು ನೀರಿನಲ್ಲಿ ಕದಡಿ, ಕಾಳು ಹಾಕಿ, ಸಣ್ಣ ಕುದಿಯಲ್ಲಿ ಇಟ್ಟೆ.

ಹತ್ತು ನಿಮಿಷಕ್ಕೇ ಕಾಳಿನ ಹಳದಿ ಗಾಢವಾಯಿತು. ಮಳೆ ಬಿದ್ದಾಗ ಒಣ ಮಣ್ಣಿನಿಂದ ಏಳುತ್ತದಲ್ಲ, ಅಂಥ ವಾಸನೆ ಬಂತು. ಗೋಕುಲಂನ ಆ ಊಟದಲ್ಲಿ ಇದ್ದದ್ದು ಇದೇ ವಾಸನೆ. ಮೂರು ವಾರದಲ್ಲಿ ಮೊದಲ ಸಲ ದಾರಿ ಸರಿ ಇದೆ ಅನ್ನಿಸಿತು.

45 ನಿಮಿಷದ ಮೇಲೆ ಒಂದು ಕಾಳು ತೆಗೆದು ಬೆರಳಿನಲ್ಲಿ ಉಜ್ಜಿದೆ. ಸಿಪ್ಪೆ ಜಾರಿ ಬಂತು. ಕಚ್ಚಿದರೆ ಹೊರಗೆ ಮೆತ್ತಗೆ, ನಡುವೆ ಇನ್ನೂ ಗಟ್ಟಿ. ಅಷ್ಟೇ ಬೇಕು. ಪೂರ್ತಿ ಬೆಂದರೆ ಹಿಟ್ಟು ಅಂಟಂಟಾಗುತ್ತದೆ. ಒಲೆ ಆರಿಸಿ, ಮುಚ್ಚಿ, ಬೆಳಿಗ್ಗೆಯವರೆಗೆ ಹಾಗೇ ಬಿಟ್ಟೆ. ಬೆಳಿಗ್ಗೆ ನಾಲ್ಕು ನೀರಿನಲ್ಲಿ ತೊಳೆದೆ. ಸುಣ್ಣದ ನೀರು ಕೈ ಉರಿಸುತ್ತದೆ, ಮೊದಲ ನೀರು ಚೆಲ್ಲುವವರೆಗೆ ಸೌಟಿನಲ್ಲೇ ಆಡಿಸಿದೆ. ಸಿಪ್ಪೆ ಎಲ್ಲ ಹೋಗಲೇಬೇಕು ಅಂತಿಲ್ಲ. ಮುಕ್ಕಾಲು ಪಾಲು ಹೋದರೆ ಸಾಕು, ಉಳಿದದ್ದು ಹಿಡಿತಕ್ಕೆ ಒಳ್ಳೆಯದು.

ಅರೆಯುವಾಗ ಕಷ್ಟ ಬಂತು. ಮೆಕ್ಸಿಕೋದಲ್ಲಿ ಇದಕ್ಕೆ ಮೆಟಾಟೆ ಅಂತ ಕಲ್ಲಿದೆ, ಇಳಿಜಾರಾಗಿ ಕಾಲಿನ ಮೇಲೆ ನಿಂತಿರುತ್ತದೆ. ಮೇಲೊಂದು ಗುಂಡು ಹಿಡಿದು ತಳ್ಳಿ ತಳ್ಳಿ ಅರೆಯುತ್ತಾರೆ. ನಮ್ಮ ಅರೆಯುವ ಕಲ್ಲಿನ ಹತ್ತಿರದ ನೆಂಟ. ನಾನು ಕಾಳನ್ನು ಇಡ್ಲಿಗೆ ರುಬ್ಬುವ ಗ್ರೈಂಡರಿಗೆ ಹಾಕಿದೆ. ನೀರು ಕಮ್ಮಿ ಇದ್ದಾಗ ಗುಂಡು ತಿರುಗಲೇ ಇಲ್ಲ, ಕಾಳು ಪಕ್ಕಕ್ಕೆ ಹತ್ತಿ ಕೂತಿತು. ನೀರು ಹಾಕುತ್ತಾ ಹೋದೆ. ಕೊನೆಗೆ ನುಣ್ಣಗಾಯಿತು, ಆದರೆ ದೋಸೆ ಹಿಟ್ಟಿನ ಹದಕ್ಕೆ ಬಂದುಬಿಟ್ಟಿತು. ತಟ್ಟುವುದು ಹೇಗೆ?

ಅಮ್ಮ ಬಂದು ನೋಡಿದರು. ಹಳೇ ಹತ್ತಿ ಪಂಚೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಹಿಟ್ಟು ಸುರಿದು, ಗಂಟು ಕಟ್ಟಿ, ಮೇಲೆ ಕಲ್ಲಿನ ಗುಂಡು ಹೇರಿದರು. "ಒಂದು ಗಂಟೆ ಮುಟ್ಟಬೇಡ" ಅಂದರು. ಬಟ್ಟೆ ನೀರನ್ನೆಲ್ಲ ಎಳೆದುಕೊಂಡಿತು. ಬಿಚ್ಚಿದಾಗ ಒಳಗೆ ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗಿನ ಹಳದಿ ಉಂಡೆ ಇತ್ತು. (ಆಮೇಲಿನ ವಾರ ಮಿಕ್ಸಿಯಲ್ಲಿ ಒಂದೊಂದೇ ಹಿಡಿ ಕಾಳು ಹಾಕಿ, ಎರಡೆರಡು ಚಮಚ ನೀರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿದೆ. ಅದು ಇನ್ನೂ ಸುಲಭ. ಸ್ವಲ್ಪ ತರಿ ಉಳಿಯುತ್ತದೆ, ರುಚಿಗೆ ಅದೇ ಚೆನ್ನ.)

ಹದ ನೋಡುವುದು ಹೀಗೆ. ನಿಂಬೆಗಾತ್ರದ ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿ. ಅಂಚು ಬಿರಿದರೆ ನೀರು ಸಾಲದು. ಬೆರಳಿಗೆ ಅಂಟಿದರೆ ಜಾಸ್ತಿ. ಒಂದು ಉಂಡೆಗೆ 30 ಗ್ರಾಂ, 5 ಇಂಚಿನ ರೊಟ್ಟಿ ಬರುತ್ತದೆ.

ಒತ್ತಲು ಪೂರಿ ಒತ್ತುವ ಮಣೆ ಇತ್ತು. ನಂದಿನಿ ಹಾಲಿನ ಕವರನ್ನು ಕತ್ತರಿಸಿ, ತೊಳೆದು ಒರೆಸಿ, ಮೇಲೊಂದು ಕೆಳಗೊಂದು ಇಟ್ಟೆ. ಉಂಡೆ ಇಟ್ಟು ಒಮ್ಮೆ ಒತ್ತಿ, ತಿರುಗಿಸಿ ಇನ್ನೊಮ್ಮೆ ಒತ್ತಿದೆ. ಅಂಚು ನುಣುಪಾಗಿ ದುಂಡಗೆ ಬಂತು. ಹಿಂದಿನ ಎರಡು ವಾರದ ಬಿರುಕು ನೋಡಿದ್ದ ನನಗೆ ಆ ಅಂಚು ನೋಡಿ ಆದ ಖುಷಿ ಹೇಳತೀರದು. ಕಬ್ಬಿಣದ ಕಾವಲಿ ಚೆನ್ನಾಗಿ ಕಾದಿರಬೇಕು. ಮೊದಲ ಬದಿ ಅರ್ಧ ನಿಮಿಷ. ಮಗುಚಿ ಒಂದು ನಿಮಿಷ. ಮತ್ತೆ ಮಗುಚಿದಾಗ ನಡುವೆ ಫುಲ್ಕಾ ಹಾಗೆ ಉಬ್ಬಿತು. ಎಣ್ಣೆ ಬೇಡ. ತೆಗೆದು ಬಟ್ಟೆಯೊಳಗೆ ಮುಚ್ಚಿಟ್ಟರೆ ಅವುಗಳ ಹಬೆಯಲ್ಲೇ ಮೆತ್ತಗಾಗುತ್ತವೆ.

ಆ ದಿನ ಓವನ್ ಹಚ್ಚಲೇ ಇಲ್ಲ. ಬಿಸಿ ಬಿಸಿ ರೊಟ್ಟಿ ನಿಂತುಕೊಂಡೇ ತಿಂದು ಮುಗಿಸಿದೆವು.

ಗೊಜ್ಜು, ಕಾಳು, ಚೀಸ್

ಗೊಜ್ಜಿಗೆ 12 ಬ್ಯಾಡಗಿ, 2 ಗುಂಟೂರು ಮೆಣಸಿನಕಾಯಿ. ಮೆಕ್ಸಿಕೋದವರು ಗ್ವಾಹಿಯೋ, ಆಂಚೋ ಅನ್ನುವ ಒಣಮೆಣಸಿನಕಾಯಿ ಹಾಕುತ್ತಾರೆ. ಬಣ್ಣ ಜಾಸ್ತಿ, ಖಾರ ಕಮ್ಮಿ, ಸ್ವಲ್ಪ ಸಿಹಿ. ನಮ್ಮ ಹಾವೇರಿ ಕಡೆಯ ಬ್ಯಾಡಗಿಯ ಗುಣವೂ ಅದೇ. ಮೆಣಸಿನಕಾಯಿಯ ತವರೂ ಮೆಕ್ಸಿಕೋ ಕಡೆಯೇ, ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂತು. ನಮಗೆ ಮೊದಲಿನಿಂದ ಗೊತ್ತಿದ್ದ ಖಾರ ಕರಿಮೆಣಸು. ಆ ಹೆಸರಿಗೇ ಕಾಯಿ ಸೇರಿಸಿ ಹೊಸದನ್ನು ಮನೆಯೊಳಗೆ ಕರೆದುಕೊಂಡಿದ್ದೇವೆ. ಟೊಮೆಟೊ, ಜೋಳ, ರಾಜ್ಮಾ, ಇವೂ ಆ ಕಡೆಯಿಂದಲೇ ಬಂದವು.

ಮೆಣಸಿನಕಾಯಿಯ ಬೀಜ ಉದುರಿಸಿ, ಕಾವಲಿ ಮೇಲೆ ಕೆಲವು ಸೆಕೆಂಡು ಬೆಚ್ಚಗೆ ಮಾಡಿ. ಕಪ್ಪಾದರೆ ಕಹಿ. ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ. 600 ಗ್ರಾಂ ಟೊಮೆಟೊ, ಒಂದು ಈರುಳ್ಳಿ, ಐದು ಎಸಳು ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕಾವಲಿ ಮೇಲೆ ಚುಕ್ಕೆ ಚುಕ್ಕೆ ಕಪ್ಪಾಗುವವರೆಗೆ ಸುಡಿ. ಬೆಳ್ಳುಳ್ಳಿ ಸಿಪ್ಪೆ ಸುಲಿದು ಎಲ್ಲ ಸೇರಿಸಿ ರುಬ್ಬಿ. ಜರಡಿಯಲ್ಲಿ ಸೋಸಿ. ಇದನ್ನು ಬಿಡಬೇಡಿ, ಇಲ್ಲದಿದ್ದರೆ ಮೆಣಸಿನಕಾಯಿ ಸಿಪ್ಪೆ ಹಲ್ಲಿಗೆ ಸಿಗುತ್ತದೆ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಗೊಜ್ಜು ಸುರಿದು, ಎಣ್ಣೆ ಬಿಡುವವರೆಗೆ ಬೇಯಿಸಿ. ಉಪ್ಪು, ಅರ್ಧ ಚಮಚ ಜೀರಿಗೆ ಪುಡಿ, ಚೂರು ಬೆಲ್ಲ. ಸೌಟಿನ ಬೆನ್ನಿಗೆ ಅಂಟಿ ನಿಲ್ಲಬೇಕು. ಮೂರು ಲೋಟಕ್ಕಿಂತ ಜಾಸ್ತಿ ಬೇಡ.

ಮೆಕ್ಸಿಕನ್ ಓರೆಗಾನೋ ಅನ್ನುವ ಘಾಟಿನ ಸೊಪ್ಪಿನ ಬದಲಿಗೆ ಹಿತ್ತಲಿನ ದೊಡ್ಡಪತ್ರೆ ಎಲೆ ನಾಲ್ಕು ಹೆಚ್ಚಿ ಹಾಕಿದೆ. ಗಿಡದ ಜಾತಿ ಬೇರೆ, ಆದರೆ ಎರಡರಲ್ಲೂ ಘಾಟು ಕೊಡುವುದು ಕಾರ್ವಾಕ್ರಾಲ್ ಅನ್ನುವ ಎಣ್ಣೆಯೇ. ಜಾಸ್ತಿ ಹಾಕಿದರೆ ಕೆಮ್ಮಿನ ಕಷಾಯ ನೆನಪಾಗುತ್ತದೆ, ನಾಲ್ಕೇ ಎಲೆ ಸಾಕು.

ಒಳಗೆ ಹಾಕಲು 200 ಗ್ರಾಂ ರಾಜ್ಮಾ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಬೆರಳಿಗೆ ಹಿಸುಕಿ ಬರುವಷ್ಟು ಬೇಯಿಸಿ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ. ಅರ್ಧವನ್ನು ಹಿಸುಕಿ, ಅರ್ಧ ಹಾಗೇ ಬಿಟ್ಟು, ಬೆಳ್ಳುಳ್ಳಿ ಒಗ್ಗರಣೆಯಲ್ಲಿ ನೀರು ಆರುವವರೆಗೆ ಬಾಡಿಸಿದೆ. ಎರಡು ದಪ್ಪ ಮೆಣಸಿನಕಾಯಿಯನ್ನು ಬದನೆಕಾಯಿ ಸುಡುವ ಹಾಗೆ ಒಲೆಯ ಮೇಲೆ ಸುಟ್ಟು, ಸಿಪ್ಪೆ ತೆಗೆದು ಸೀಳಿದೆ. ಒಂದು ಲೋಟ ಸ್ವೀಟ್ ಕಾರ್ನ್. ಅವರೆಕಾಯಿ ಕಾಲದಲ್ಲಿ ರಾಜ್ಮಾ ಬದಲು ಹಿತಕಿದ ಬೇಳೆ ಹಾಕಬೇಕು ಅಂತ ನನಗೆ ಆಸೆ ಇದೆ.

ಚೀಸ್ ಎರಡು ಥರ. ಮೆಕ್ಸಿಕೋದ ಒಹಾಕಾ ಚೀಸನ್ನು ಬಿಸಿನೀರಿನಲ್ಲಿ ಎಳೆದು ಎಳೆದು, ನೂಲಿನ ಉಂಡೆ ಹಾಗೆ ಸುತ್ತುತ್ತಾರೆ. ಮೊಝರೆಲ್ಲಾ ಮಾಡುವುದೂ ಹಾಗೇ ಎಳೆದು. ಹಾಗಾಗಿ 200 ಗ್ರಾಂ ಮೊಝರೆಲ್ಲಾ ತುರಿದೆ. ಕೇಸೋ ಫ್ರೆಸ್ಕೋ ಅನ್ನುವ ಪುಡಿಯಾಗುವ ಹಸಿ ಚೀಸಿನ ಜಾಗಕ್ಕೆ 150 ಗ್ರಾಂ ಪನೀರ್, ಕೈಯಲ್ಲೇ ಪುಡಿ ಮಾಡಿ ಉಪ್ಪು ಹಾಕಿದೆ. ಸ್ಲೈಸ್ ಚೀಸ್ ಕರಗುತ್ತದೆ, ಎಳೆ ಬರುವುದಿಲ್ಲ.

ನಾಲ್ಕನೇ ಭಾನುವಾರ

ರೊಟ್ಟಿ 16. ಹಿಂದಿನ ದಿನವೇ ಸುಟ್ಟಿಟ್ಟಿದ್ದೆ. ಒಂದು ದಿನ ಹಳೆಯದಾದರೆ ಒಳಗಿನ ನೀರು ಕಮ್ಮಿಯಾಗಿ ಇನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ.

ಇಲ್ಲಿ ಇನ್ನೊಂದು ಹೆಜ್ಜೆ ಇದೆ. ಎಂಚಿಲಾಡ (ರೊಟ್ಟಿಯೊಳಗೆ ಹೂರಣ ಸುತ್ತಿ ಗೊಜ್ಜು ಹಾಕುವ ಮೆಕ್ಸಿಕೋದ ಅಡುಗೆ) ಮಾಡುವವರು ರೊಟ್ಟಿಯನ್ನು ಗೊಜ್ಜಿಗೆ ಅದ್ದುವ ಮುಂಚೆ ಬಿಸಿ ಎಣ್ಣೆಯಲ್ಲಿ ಒಮ್ಮೆ ಆಡಿಸುತ್ತಾರೆ. ಗರಿಗರಿ ಮಾಡಲು ಅಲ್ಲ. ಒಂದು ಬದಿಗೆ ಐದಾರು ಸೆಕೆಂಡು ಅಷ್ಟೇ. ಎಣ್ಣೆ ಮೇಲ್ಮೈಗೆ ಹತ್ತಿ ಗೊಜ್ಜಿನ ನೀರನ್ನು ತಡೆಯುತ್ತದೆ. ಬಾಣಲೆಯಲ್ಲಿ ಕಾಲು ಇಂಚು ಎಣ್ಣೆ ಹಾಕಿ, ಇಕ್ಕಳದಿಂದ ಒಂದೊಂದೇ ಇಳಿಸಿ ತೆಗೆದು, ಪೇಪರಿನ ಮೇಲೆ ಹರಡಿದೆ.

ಗಾಜಿನ ಪಾತ್ರೆ 9 ಇಂಚು ಉದ್ದ, 7 ಇಂಚು ಅಗಲ. ತಳಕ್ಕೆ ಒಂದು ಸೌಟು ಗೊಜ್ಜು. ಅದರ ಮೇಲೆ ನಾಲ್ಕು ರೊಟ್ಟಿ, ಮೂರು ಇಡಿಯಾಗಿ, ಒಂದನ್ನು ಹರಿದು ಸಂದಿ ಮುಚ್ಚಿದೆ. ರಾಜ್ಮಾ, ಸೀಳಿದ ಮೆಣಸಿನಕಾಯಿ, ಕಾರ್ನ್, ಪನೀರ್, ಸ್ವಲ್ಪ ಮೊಝರೆಲ್ಲಾ, ಅರ್ಧ ಸೌಟು ಗೊಜ್ಜು. ಅಂಗೈಯಿಂದ ಮೆಲ್ಲಗೆ ಒತ್ತಿದೆ. ಹೀಗೆ ಮೂರು ಸಲ. ಕೊನೆಗೆ ನಾಲ್ಕನೇ ಪದರದ ರೊಟ್ಟಿ, ಉಳಿದ ಗೊಜ್ಜನ್ನು ಅಂಚಿನವರೆಗೂ ಹಚ್ಚಿದೆ. ಒಣಗಿದ ಅಂಚು ಉಳಿದರೆ ಓವನ್‌ನಲ್ಲಿ ಚರ್ಮದ ಹಾಗಾಗುತ್ತದೆ. ಮೇಲೆ ಉಳಿದ ಚೀಸ್ ಎಲ್ಲ.

ಫಾಯಿಲ್ ಮುಚ್ಚಿ ಕೆಂಪು ಚುಕ್ಕಿಯ ಬಿಸಿಯಲ್ಲಿ 20 ನಿಮಿಷ. ಫಾಯಿಲ್ ತೆಗೆದು 12 ನಿಮಿಷ. ಕೊನೆಗೆ ಮೇಲಿನ ರಾಡ್ ಮಾತ್ರ ಹಚ್ಚಿ 3 ನಿಮಿಷ, ಕಣ್ಣು ತೆಗೆಯದೆ ನಿಂತಿದ್ದೆ. ಚಾಕುವನ್ನು ನಡುವೆ ಚುಚ್ಚಿ ಹತ್ತು ಎಣಿಸಿ ತೆಗೆದು ಮುಟ್ಟಿದೆ, ತುದಿ ಸುಡುತ್ತಿತ್ತು. ಪಾತ್ರೆಯನ್ನು ಒಣ ಬಟ್ಟೆಯ ಮೇಲಿಟ್ಟೆ. ಒದ್ದೆ ಗ್ರಾನೈಟ್ ಮೇಲಿಟ್ಟರೆ ಗಾಜು ಒಡೆಯಬಹುದು.

ಆಮೇಲೆ 15 ನಿಮಿಷ ಮುಟ್ಟಲಿಲ್ಲ. ಮಗಳಿಗೆ ತಡೆಯಲಾಗುತ್ತಿರಲಿಲ್ಲ. ಆದರೆ ಬಿಸಿ ಚೀಸ್ ನೀರಿನ ಹಾಗೆ ಹರಿಯುತ್ತದೆ, ಸ್ವಲ್ಪ ಆರಿದರೆ ಪದರಗಳನ್ನು ಹಿಡಿಯುತ್ತದೆ. ಅಷ್ಟರಲ್ಲಿ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ್ದ ಮೊಸರಿಗೆ ಉಪ್ಪು ಹಾಕಿ ಕಡೆದೆ. ಕೊಡಗಿನ ಬೆಣ್ಣೆ ಹಣ್ಣು ಒಂದು ಸಿಕ್ಕಿತ್ತು, ಅದನ್ನು ಈರುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ ಹಾಕಿ ಹಿಸುಕಿದೆ.

ಕೊಯ್ದೆ. ಮೊದಲ ತುಂಡು ಎತ್ತುವಾಗ ಮೂವರೂ ಮಾತಾಡಲಿಲ್ಲ. ತಟ್ಟೆಯ ಮೇಲೆ ನಿಂತಿತು. ಮಗಳು ಬಗ್ಗಿ ಪಕ್ಕದಿಂದ ನೋಡಿ ಬೆರಳಿಟ್ಟು ಎಣಿಸಿದಳು, ನಾಲ್ಕು ರೊಟ್ಟಿ. ಕಚ್ಚಿದರೆ ರೊಟ್ಟಿ ಮೆತ್ತಗಿದೆ, ಆದರೆ ಇದೆ. ಗೊಜ್ಜು ಕುಡಿದಿದೆ, ಕರಗಿಲ್ಲ. ಹಿಂದೆ ಸುಣ್ಣ ಹಾಕಿದ ಜೋಳದ ಆ ಮಣ್ಣಿನ ವಾಸನೆ. ಅಮ್ಮ ಎರಡನೇ ತುಂಡು ಹಾಕಿಸಿಕೊಂಡರು.

ಫ್ರಿಜ್‌ನಲ್ಲಿ ಇನ್ನೂ ಒಂದು ಹಿಡಿಯಷ್ಟು ಮಾಸಾ ಮಿಕ್ಕಿತ್ತು. ಸೋಮವಾರ ಬೆಳಿಗ್ಗೆ ಎದ್ದು ಬರುವಷ್ಟರಲ್ಲಿ ಅಮ್ಮ ಅದಕ್ಕೆ ಸಬ್ಬಸಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ, ಬಾಳೆಎಲೆ ಮೇಲೆ ತೆಳ್ಳಗೆ ತಟ್ಟಿ ಕಾವಲಿಗೆ ಹಾಕಿದ್ದರು. "ಅಕ್ಕಿ ರೊಟ್ಟಿಗಿಂತ ಚೆನ್ನಾಗಿ ಕೈಗೆ ಬಗ್ಗುತ್ತೆ ಕಣೋ ಇದು" ಅಂದರು. ಹುಚ್ಚೆಳ್ಳು ಚಟ್ನಿ ಜೊತೆ ತಿಂದೆವು.